ಮೌಗ್ಲಿ ಊರು ಸೇರಿದ ಮೇಲೆ

ಎಲ್ಲರಿಗೂ ನಮಸ್ಕಾರ.

ಕಾಡಿನಲ್ಲಿ ತೋಳಗಳ ನಡುವೆ ಬೆಳೆದ ಹುಡುಗ ಮೌಗ್ಲಿಯ ಕಥೆ ಹೇಳುವ ಡಿಸ್ನಿಯವರ ಕಾರ್ಟೂನ್ ಚಿತ್ರ ‘ದಿ ಜಂಗಲ್ ಬುಕ್’ ಬಂದದ್ದು 1967ರಲ್ಲಿ. ಅದರ ಎರಡನೇ ಭಾಗ ಬಂದದ್ದು 2003ರ ಫೆಬ್ರುವರಿಯಲ್ಲಿ. ಮೊದಲನೆಯದನ್ನು ಚಿಕ್ಕವರಿದ್ದಾಗ ನೋಡಿದ್ದವರು ಅಷ್ಟರಲ್ಲಿ ಅಪ್ಪ ಅಮ್ಮ ಆಗಿದ್ದರು, ಕೆಲವರು ತಾತ ಅಜ್ಜಿಯೂ ಆಗಿದ್ದರು. ಮಕ್ಕಳ ಕೈ ಹಿಡಿದುಕೊಂಡು ಥಿಯೇಟರಿಗೆ ಹೋದರು. 72 ನಿಮಿಷದ ಸಿನಿಮಾ. ಚಿಕ್ಕ ಮಕ್ಕಳಿಗೆ ಖುಷಿಯೇ ಆಯಿತು, ಸಪ್ಪೆಯಾದದ್ದು ದೊಡ್ಡವರ ಮುಖ. ವಿಮರ್ಶಕರಂತೂ ಚೆನ್ನಾಗಿ ಜಾಡಿಸಿದರು. ಆದರೂ ಸುಮಾರು 2 ಕೋಟಿ ಡಾಲರಿನಲ್ಲಿ ತಯಾರಾದ ಚಿತ್ರ ಪ್ರಪಂಚದಾದ್ಯಂತ 13 ಕೋಟಿ ಡಾಲರಿಗೂ ಹೆಚ್ಚು ದುಡಿಯಿತು. ಅಂದರೆ ಬೇಜಾರು ಮಾಡಿಕೊಂಡವರೂ ಟಿಕೆಟ್ ಕೊಂಡೇ ಬೇಜಾರು ಮಾಡಿಕೊಂಡದ್ದು. ಆ ಬೇಜಾರು ಯಾತರದ್ದು ಅನ್ನುವುದರ ಬಗ್ಗೆ ಇವತ್ತು ನನ್ನ ಮಾತು.

ದೂರುಗಳನ್ನು ಮೊದಲು ನೋಡೋಣ. ಬಾಲೂವಿನ ದನಿ ಮೊದಲಿನದಲ್ಲ ಎಂದರು. ಸರಿಯೇ. 1967ರಲ್ಲಿ ಆ ಕರಡಿಗೆ ದನಿ ಕೊಟ್ಟವರು ಫಿಲ್ ಹ್ಯಾರಿಸ್, ಜಾಜ್ ವಾದ್ಯವೃಂದ ನಡೆಸುತ್ತಿದ್ದವರು, ರೇಡಿಯೋದ ಹಾಸ್ಯಗಾರರು. ಬರೆದುಕೊಟ್ಟ ಮಾತು ನಾಲಿಗೆಗೆ ಒಗ್ಗುತ್ತಿಲ್ಲ ಎಂದು ತಾವೇ ಮಾತು ಕಟ್ಟಿಕೊಂಡು ಆಡಿದರು. ಅದನ್ನು ಕೇಳಿದ ಮೇಲೆಯೇ ಕಥೆಯಲ್ಲಿ ಬಾಲೂವಿನ ಪಾತ್ರ ಬೆಳೆಯುತ್ತ ಹೋದದ್ದು. ಹಾಗೆ ಹುಟ್ಟಿದ ಪಾತ್ರಕ್ಕೆ ಇನ್ನೊಬ್ಬರು ದನಿ ಕೊಡುವುದು ಕಷ್ಟ. ಹ್ಯಾರಿಸ್ 1995ರಲ್ಲಿ ತೀರಿಕೊಂಡಿದ್ದರು. ಎರಡನೇ ಭಾಗದಲ್ಲಿ ಬಂದ ಜಾನ್ ಗುಡ್‌ಮನ್ ಒಳ್ಳೆಯ ನಟ, ಕೆಲಸ ಕೆಡಿಸಿಲ್ಲ. ಕೋತಿಗಳ ರಾಜ ಲೂಯಿ ಎಲ್ಲಿ ಹೋದ ಎಂದೂ ಕೇಳಿದರು. ಆ ಪಾತ್ರಕ್ಕೆ ದನಿಯಾಗಿದ್ದ ಗಾಯಕ ಲೂಯಿ ಪ್ರೀಮಾ ಅವರ ಕುಟುಂಬದ ಜೊತೆ ಕಾನೂನಿನ ತಕರಾರು ಇತ್ತು. ಹಾಗಾಗಿ ರಾಜನಿಗೆ ಕಾಡು ಬಿಟ್ಟು ಹೋದ ಎಂಬ ಒಂದು ಮಾತಿನಲ್ಲೇ ಬೀಳ್ಕೊಡುಗೆ ಆಯಿತು. ಇನ್ನು ‘ಬೇರ್ ನೆಸೆಸಿಟೀಸ್’ ಹಾಡು. ಮೊದಲ ಚಿತ್ರದಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದಿದ್ದ ಅದನ್ನು ಎರಡನೆಯದರಲ್ಲಿ ಮತ್ತೆ ಮತ್ತೆ ಹಾಡಿಸಿದ್ದಾರೆ. ಒಂದು ಸಲ ಸಾಕಿತ್ತು.

ಇವೆಲ್ಲ ನಿಜವಾದ ದೂರುಗಳೇ. ಆದರೆ ಬರೀ ಇಷ್ಟಕ್ಕೇ ಒಂದು ಸಿನಿಮಾ ಮನಸ್ಸಿಗೆ ಹತ್ತದೆ ಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಹಳೆಯದನ್ನೇ ಮತ್ತೆ ಬಳಸುವುದು ಡಿಸ್ನಿಯಲ್ಲಿ ಹೊಸ ಚಟವಲ್ಲ. ಮೊದಲ ‘ಜಂಗಲ್ ಬುಕ್’ ನಿರ್ದೇಶಿಸಿದ ವುಲ್ಫ್‌ಗ್ಯಾಂಗ್ ರೈದರ್‌ಮನ್ ಅವರೇ ಮುಂದೆ 1973ರಲ್ಲಿ ‘ರಾಬಿನ್ ಹುಡ್’ ಮಾಡಿದರು. ಅದರಲ್ಲಿ ಕಾಡಿನೊಳಗೆ ಒಂದು ಕುಣಿತ ಬರುತ್ತದೆ. ಬಾಲೂ ಮತ್ತು ಲೂಯಿ ಕುಣಿದಿದ್ದ ಹೆಜ್ಜೆಗಳ ಮೇಲೆಯೇ ಹೊಸ ಪಾತ್ರಗಳನ್ನು ಬರೆದು ಕೂರಿಸಿದ್ದಾರೆ. ಅಲ್ಲಿಯ ಕರಡಿಗೂ ಫಿಲ್ ಹ್ಯಾರಿಸ್ ಅವರದೇ ದನಿ. ಎರಡನ್ನೂ ಒಟ್ಟೊಟ್ಟಿಗೆ ಇಟ್ಟು ನೋಡಿ, ನಗು ಬರುತ್ತದೆ. ಹಾಗಂತ ‘ರಾಬಿನ್ ಹುಡ್’ ನೋಡಿ ಯಾರೂ ಮೋಸಹೋದೆವು ಅನ್ನಲಿಲ್ಲ.

ಮೂಲಕ್ಕೆ ನಿಷ್ಠೆ ಇಲ್ಲ ಎನ್ನುವ ಮಾತೂ ಇದೆ. ಯಾವ ಮೂಲಕ್ಕೆ? ಕಿಪ್ಲಿಂಗ್ ಬರೆದ ‘ದಿ ಜಂಗಲ್ ಬುಕ್’ 1894ರದ್ದು. ಬೊಂಬಾಯಿಯಲ್ಲಿ ಹುಟ್ಟಿದ ಈ ಲೇಖಕ ಅಮೆರಿಕದ ವರ್ಮಾಂಟ್‌ನಲ್ಲಿ ಕೂತು ಮಧ್ಯಪ್ರದೇಶದ ಸಿವನಿ ಬೆಟ್ಟಗಳ ಕಥೆ ಬರೆದರು. ಅವರ ಬಾಲೂ ಕಾಡಿನ ಕಾನೂನು ಕಲಿಸುವ ಮೇಷ್ಟ್ರು, ಪಾಠ ಒಪ್ಪಿಸದಿದ್ದರೆ ಪೆಟ್ಟು ಕೊಡುವವನು. ಕಾ ಎಂಬ ಹೆಬ್ಬಾವು ಮೌಗ್ಲಿಯ ಆಪ್ತ. ಕೋತಿಗಳಿಗೆ ರಾಜನೇ ಇಲ್ಲ. ರಾಜನಾಗಲಿ ನೀತಿಯಾಗಲಿ ಇಲ್ಲದಿರುವುದೇ ಆ ಕೋತಿಗಳ ಲಕ್ಷಣ. ಡಿಸ್ನಿ ಇದೆಲ್ಲವನ್ನೂ ತಿರುವಿಹಾಕಿತು. ಬಿಲ್ ಪೀಟ್ ಎನ್ನುವವರು ಪುಸ್ತಕಕ್ಕೆ ಹತ್ತಿರವಾಗಿ ಒಂದು ಕಥೆ ಸಿದ್ಧಪಡಿಸಿದ್ದರು. ಅದು ತೀರಾ ಕತ್ತಲೆಯಾಯಿತು ಎಂದು ವಾಲ್ಟ್ ಡಿಸ್ನಿ ಒಪ್ಪಲಿಲ್ಲ, ಪೀಟ್ ಸಂಸ್ಥೆ ಬಿಟ್ಟೇ ಹೋದರು. ಆಮೇಲೆ ಬಂದ ಬರಹಗಾರರಿಗೆ ವಾಲ್ಟ್ ಕೊಟ್ಟ ಸಲಹೆ ಪ್ರಸಿದ್ಧವಾದದ್ದು: ಮೊದಲು ಆ ಪುಸ್ತಕ ಓದಬೇಡಿ. ಆದ್ದರಿಂದ ಕಿಪ್ಲಿಂಗ್ ಓದಿದವರ ಪಾಲಿಗೆ 1967ರ ಚಿತ್ರವೇ ಒಂದು ನಿರಾಶೆ. ನಾವು ಪ್ರೀತಿಸುವ ಮೂಲವೇ ಇನ್ನೊಂದು ಮೂಲವನ್ನು ಪಕ್ಕಕ್ಕೆ ತಳ್ಳಿ ಬಂದದ್ದು.

ನಮ್ಮಲ್ಲಿ ಬಹಳ ಜನ ಮೌಗ್ಲಿಯನ್ನು ಕಂಡದ್ದು ಡಿಸ್ನಿಯಿಂದಲೂ ಅಲ್ಲ. ದೂರದರ್ಶನದಲ್ಲಿ ಬರುತ್ತಿದ್ದ ಜಪಾನಿನ ನಿಪ್ಪಾನ್ ಅನಿಮೇಷನ್‌ನವರ ಧಾರಾವಾಹಿಯಿಂದ. ಅದಕ್ಕೆ ಹಿಂದಿಯಲ್ಲಿ ಗುಲ್ಜಾರ್ ಹಾಡು ಬರೆದರು, ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟರು, ನಾನಾ ಪಾಟೇಕರ್ ಹುಲಿ ಶೇರ್ ಖಾನ್ ಆಗಿ ಗುಡುಗಿದರು. ಹಿಂದಿ ಅರ್ಧಂಬರ್ಧ ಗೊತ್ತಿದ್ದ ಮನೆಗಳಲ್ಲೂ ಆ ಚಡ್ಡಿ ಹಾಕಿದ ಹೂವಿನ ಹಾಡು ಎಲ್ಲರ ಬಾಯಲ್ಲಿತ್ತು. ಅದಕ್ಕೂ ಎಷ್ಟೋ ಮೊದಲು, 1942ರ ಹಾಲಿವುಡ್ ಚಿತ್ರದಲ್ಲಿ ಮೌಗ್ಲಿಯಾಗಿದ್ದವನು ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು. ಇಷ್ಟು ಮೌಗ್ಲಿಗಳಿದ್ದಾರೆ. ಯಾರೂ ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈ ಹಾಕಲಿಲ್ಲ.

ಇನ್ನೂ ಒಂದು ವಿಚಿತ್ರ ಇದೆ. 1990ರಲ್ಲಿ ಡಿಸ್ನಿಯವರೇ ‘ಟೇಲ್‌ಸ್ಪಿನ್’ ಎಂಬ ಧಾರಾವಾಹಿ ಮಾಡಿದರು, ಅದೂ ನಮ್ಮ ಭಾನುವಾರಗಳಲ್ಲಿ ಬರುತ್ತಿತ್ತು. ಬಾಲೂ ಅಲ್ಲಿ ಸರಕು ಸಾಗಿಸುವ ವಿಮಾನದ ಪೈಲಟ್. ಶೇರ್ ಖಾನ್ ಸೂಟು ತೊಟ್ಟ ಕೋಟ್ಯಧಿಪತಿ. ಮೌಗ್ಲಿಯ ಸುಳಿವೇ ಇಲ್ಲ. ಇಷ್ಟು ಮಾಡಿದರೂ ಜನ ಮುನಿಸಿಕೊಳ್ಳಲಿಲ್ಲ, ಯಾಕೆಂದರೆ ಅದು ಹಳೆಯ ಕಥೆಯ ಮುಂದಿನ ಅಧ್ಯಾಯ ತಾನು ಅಂತ ಹೇಳಿಕೊಳ್ಳಲಿಲ್ಲ. ವೇಷ ಅದೇ, ಪ್ರಸಂಗ ಬೇರೆ. ನಮಗೆ ಅದರಲ್ಲಿ ಗೊಂದಲವಿಲ್ಲ.

ಹಾಗಾದರೆ 2003ರಲ್ಲಿ ಕೆಟ್ಟದ್ದೇನು? ಅದಕ್ಕೆ ಮೊದಲ ಚಿತ್ರದ ಕೊನೆಯ ನಾಲ್ಕೈದು ನಿಮಿಷ ನೋಡಬೇಕು.

ಹುಲಿ ಓಡಿಹೋಗಿದೆ. ಬಾಲೂ ಸತ್ತನೆಂದುಕೊಂಡು ಅತ್ತದ್ದೂ ಆಗಿದೆ, ಅವನು ಎದ್ದು ಕೂತದ್ದೂ ಆಗಿದೆ. ಮೌಗ್ಲಿ ಇನ್ನು ಕಾಡಿನಲ್ಲೇ ಉಳಿಯುತ್ತಾನೆ ಎನ್ನುವಷ್ಟರಲ್ಲಿ ಒಂದು ಹಾಡು ಕೇಳಿಸುತ್ತದೆ. ಊರಿನ ಹುಡುಗಿಯೊಬ್ಬಳು ನೀರಿಗೆ ಬಂದಿದ್ದಾಳೆ. ಮೌಗ್ಲಿ ಮರ ಹತ್ತಿ ಕೊಂಬೆಯ ತುದಿಯಿಂದ ಬಗ್ಗಿ ನೋಡುತ್ತಾನೆ, ಕೊಂಬೆ ಮುರಿದು ನೀರಿಗೆ ಬೀಳುತ್ತಾನೆ. ಹುಡುಗಿ ಕೊಡ ಹೊತ್ತು ನಾಲ್ಕು ಹೆಜ್ಜೆ ಇಟ್ಟು ಅದನ್ನು ಬೀಳಿಸುತ್ತಾಳೆ. ಕೊಡ ಉರುಳುತ್ತ ಇವನ ಹತ್ತಿರ ಬರುತ್ತದೆ. ಬೇಕೆಂದೇ ಬೀಳಿಸಿದಳು ಅಂತ ಬಾಲೂ ಗೊಣಗಿದರೆ ಕರಿಚಿರತೆ ಬಘೀರ ಅದು ಗೊತ್ತಿದ್ದದ್ದೇ ಅನ್ನುತ್ತಾನೆ. ಮೌಗ್ಲಿ ಕೊಡ ತುಂಬಿಸಿ ತಲೆಯ ಮೇಲಿಟ್ಟುಕೊಂಡು ಅವಳ ಹಿಂದೆ ಹೋಗುತ್ತಾನೆ. ಊರ ಬಾಗಿಲಲ್ಲಿ ಒಂದು ಸಲ ತಿರುಗಿ ನೋಡುತ್ತಾನೆ, ಏನು ಮಾಡಲಿ ಎನ್ನುವಂತೆ ಹೆಗಲು ಕುಣಿಸಿ ನಗುತ್ತಾನೆ, ಒಳಗೆ ಹೋಗುತ್ತಾನೆ. ಅಷ್ಟೇ.

ಯಾರೂ ಅವನನ್ನು ದಬ್ಬಲಿಲ್ಲ. ಇಡೀ ಸಿನಿಮಾ ಬಘೀರ ಬೇಡಿಕೊಂಡಿದ್ದ, ಬಾಲೂ ಕಷ್ಟಪಟ್ಟು ಹೇಳಿದ್ದ, ಹುಡುಗ ಜಗ್ಗಿರಲಿಲ್ಲ. ಕೊನೆಗೆ ತಾನಾಗಿಯೇ ಹೋದ. ಅದನ್ನು ನೋಡಿದ ಮಗುವಿಗೆ ನಗುವೂ ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಉಳಿದ ಇಬ್ಬರು ಹಾಡುತ್ತ ಕಾಡಿನ ಕಡೆ ಹೆಜ್ಜೆ ಹಾಕುವಾಗ, ಅಯ್ಯೋ ಬಾಲೂ ಒಬ್ಬನೇ ಆದನಲ್ಲ ಎಂದು ಕೇಳದ ಮಗು ಇಲ್ಲ. ಚಿತ್ರ ಅದಕ್ಕೆ ಉತ್ತರ ಕೊಡುವುದಿಲ್ಲ. ವಾಲ್ಟ್ ಡಿಸ್ನಿ ಖುದ್ದಾಗಿ ಮೇಲ್ವಿಚಾರಣೆ ಮಾಡಿದ ಕೊನೆಯ ಚಿತ್ರಗಳಲ್ಲಿ ಇದೊಂದು; 1966ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು, ಬಿಡುಗಡೆಯನ್ನು ನೋಡಲಿಲ್ಲ.

ಈಗ ಎರಡನೇ ಭಾಗ. ಶುರುವಾಗುವುದು ಚೆನ್ನಾಗಿಯೇ. ಮೌಗ್ಲಿ ಊರಿನಲ್ಲಿ ನೆರಳುಗೊಂಬೆ ಆಡಿಸಿ ಕಾಡಿನ ಕಥೆ ಹೇಳುತ್ತಿದ್ದಾನೆ. ನಮ್ಮ ತೊಗಲುಗೊಂಬೆಯವರು ನೋಡಿದರೆ ನಾಲ್ಕು ತಪ್ಪು ಹುಡುಕಿಯಾರು, ಆದರೂ ಈ ಚಿತ್ರದ ಅತ್ಯಂತ ಒಳ್ಳೆಯ ಭಾಗ ಅದೇ. ಆ ಹುಡುಗಿಗೆ ಶಾಂತಿ ಎಂಬ ಹೆಸರು ಬಂದಿದೆ. ರಂಜನ್ ಎಂಬ ಪುಟ್ಟ ತಮ್ಮ, ಸಾಕಿದ ಅಪ್ಪ ಅಮ್ಮ ಇದ್ದಾರೆ. ಹುಡುಗನಿಗೆ ಊರು ಒಗ್ಗಿಲ್ಲ. ಊರಿನ ಮಕ್ಕಳನ್ನೆಲ್ಲ ಕುಣಿಸುತ್ತ ಹೊಳೆಯವರೆಗೂ ಕರೆದೊಯ್ಯುತ್ತಾನೆ. ಕಾಡಿಗೆ ಕಾಲಿಟ್ಟೀಯ ಜೋಕೆ ಎಂದು ಅಪ್ಪ ಗದರಿಸುತ್ತಾನೆ. ಇಲ್ಲಿ ಒಂದು ನಿಜವಾದ ಕಥೆ ಇತ್ತು. ಎರಡು ಕಡೆಯೂ ಪೂರ್ತಿ ಸೇರದ ಹುಡುಗ, ಪ್ರೀತಿಯನ್ನು ಗದರಿಕೆಯಲ್ಲಿ ತೋರಿಸುವ ಅಪ್ಪ, ಕಾಡೆಂದರೆ ಹೆದರುವ ಗೆಳತಿ. ಇಂಥ ಮಕ್ಕಳು ಎಲ್ಲ ಊರಿನಲ್ಲೂ ಇದ್ದಾರೆ.

ಕಥೆ ಅದನ್ನು ಅಲ್ಲೇ ಬಿಟ್ಟು ಕಾಡಿಗೆ ಓಡುತ್ತದೆ. ಬಾಲೂ ಬರುತ್ತಾನೆ, ಹಾಡುತ್ತಾನೆ. ಕಾ ಬರುತ್ತಾನೆ, ಪೆಟ್ಟು ತಿನ್ನುತ್ತಾನೆ. ಆನೆಗಳ ಕವಾಯತು, ಹದ್ದುಗಳ ಹರಟೆ. ಹಾಜರಿ ಕೂಗಿದ ಹಾಗೆ ಹಳಬರೆಲ್ಲ ಬಂದು ಹೋಗುತ್ತಾರೆ. ಕೊನೆಗೆ ಪಾಳುಗುಡಿಯಲ್ಲಿ ಹುಲಿಯ ಜೊತೆ ಕಾದಾಟ, ಕೆಳಗೆ ಕುದಿಯುವ ಲಾವಾ! ಸಿವನಿಯ ಕಾಡಿನಲ್ಲಿ ಲಾವಾ ಎಲ್ಲಿಂದ ಬಂತೋ ಆ ದೇವರೇ ಬಲ್ಲ. ಆಮೇಲೆ ಅಪ್ಪ ಒಪ್ಪಿಕೊಳ್ಳುತ್ತಾನೆ, ಮಕ್ಕಳು ಬೇಕೆಂದಾಗ ಕಾಡಿಗೆ ಹೋಗಿ ಬಾಲೂವನ್ನು ನೋಡಿಕೊಂಡು ಬರಬಹುದು.

ಎಲ್ಲರಿಗೂ ಎಲ್ಲವೂ ಸಿಕ್ಕಿತು. ಮೊದಲ ಚಿತ್ರದಲ್ಲಿ ಅವನು ಊರ ಬಾಗಿಲಲ್ಲಿ ತಿರುಗಿ ನೋಡಿದ್ದಕ್ಕೆ ಬೆಲೆಯೇ ಉಳಿಯಲಿಲ್ಲ. ದೊಡ್ಡವರ ಬೇಜಾರು ಇಲ್ಲಿದೆ ಅಂತ ನನ್ನ ಅನಿಸಿಕೆ. ಚಿಕ್ಕಂದಿನಲ್ಲಿ ಆ ಸಂಕಟವನ್ನು ನುಂಗಿಕೊಂಡು ಮನೆಗೆ ಹೋಗಿದ್ದವರು ಅವರು. ಈಗ ಕಂಪನಿ ಬಂದು, ಅದೆಲ್ಲ ಏನೂ ಅಲ್ಲ, ದಾರಿ ಹತ್ತಿರದ್ದೇ, ದಿನಾ ಹೋಗಿ ಬರಬಹುದು ಅನ್ನುತ್ತದೆ.

ಮುಂದುವರಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಮುಂದುವರಿಸಿದ. ಅವನನ್ನು ಓದುವವರು ಕಡಿಮೆ, ಆದರೆ ಬಯ್ಯುವವರೂ ಇಲ್ಲ. ಕಿಪ್ಲಿಂಗ್ ಅವರೇ ತಮ್ಮ ಪುಸ್ತಕಕ್ಕೆ ಎರಡನೇ ಭಾಗ ಬರೆದರು, ಮರುವರ್ಷ 1895ರಲ್ಲೇ. ಅದರಲ್ಲಿ ಊರು ಮೌಗ್ಲಿಗೆ ಸಿಹಿ ಮನೆಯೇನಲ್ಲ. ಮೊದಲ ಪುಸ್ತಕದಲ್ಲೇ ಅವನನ್ನು ಮಾಟಗಾರನೆಂದು ಕಲ್ಲು ಹೊಡೆದು ಓಡಿಸಿದ್ದರು. ಎರಡನೆಯದರಲ್ಲಿ ಅವನಿಗೆ ಅನ್ನ ಹಾಕಿದ ತಾಯಿಯನ್ನೂ ಅವಳ ಗಂಡನನ್ನೂ ಊರಿನವರು ಕೊಲ್ಲಲು ಹೊರಡುತ್ತಾರೆ. ಆಗ ಅವನು ಆನೆಗಳನ್ನು ಕರೆದು ಆ ಊರನ್ನೇ ಕಾಡಾಗಿಸಿಬಿಡುತ್ತಾನೆ.

ಅಂಥ ಹುಡುಗನೂ ಕೊನೆಯ ಕಥೆಯಲ್ಲಿ ಕಾಡು ಬಿಡುತ್ತಾನೆ. ಅವನಿಗೆ ಹದಿನೇಳರ ಹತ್ತಿರ. ವಸಂತ ಬಂದಿದೆ, ಪ್ರಾಣಿಗಳೆಲ್ಲ ತಮ್ಮ ತಮ್ಮ ಜೋಡಿಯ ಹಿಂದೆ. ಇವನ ಕೂಗಿಗೆ ಯಾರೂ ಓಗೊಡುವುದಿಲ್ಲ. ಮೈಯಲ್ಲಿ ಏನೋ ತಳಮಳ, ಏನೆಂದು ತಿಳಿಯುವುದಿಲ್ಲ. ಒಳ್ಳೆಯದನ್ನೇ ತಿಂದೆ, ಒಳ್ಳೆಯ ನೀರನ್ನೇ ಕುಡಿದೆ, ಎಲ್ಲೋ ವಿಷ ತಿಂದಿರಬೇಕು ಅಂದುಕೊಳ್ಳುತ್ತಾನೆ. ಹರೆಯವನ್ನು ಒಬ್ಬ ಹುಡುಗನ ಒಳಗಿನಿಂದ ಇಷ್ಟು ಸರಳವಾಗಿ ಹೇಳಿದ ಮಕ್ಕಳ ಕಥೆ ಕಡಿಮೆ. ಕಣ್ಣು ಕಾಣದ ಮುದಿ ಬಾಲೂವಿನ ಕುತ್ತಿಗೆ ತಬ್ಬಿ ಬಿಕ್ಕುತ್ತಾನೆ. ಆಗ ಕಾ ಒಂದು ಮಾತು ಹೇಳುತ್ತಾನೆ: ಪೊರೆ ಕಳಚಿದ ಮೇಲೆ ಮತ್ತೆ ಅದರೊಳಗೆ ಹೋಗಲು ಬರುವುದಿಲ್ಲ, ಅದೇ ಕಾನೂನು. 2003ರಲ್ಲಿ ಅದೇ ಕಾ ಬರೀ ಪೆಟ್ಟು ತಿನ್ನುವ ಕೋಡಂಗಿ.

ಇದನ್ನು ಮಾಡಿದ ಕಲಾವಿದರನ್ನು ನಾನು ದೂರುವುದಿಲ್ಲ. ನಿರ್ದೇಶಕ ಸ್ಟೀವ್ ಟ್ರೆನ್‌ಬರ್ತ್ ಮತ್ತು ಡಿಸ್ನಿಯ ಆಸ್ಟ್ರೇಲಿಯಾ ಸ್ಟುಡಿಯೋದವರು ಕೊಟ್ಟ ದುಡ್ಡಿನಲ್ಲಿ, ಕೊಟ್ಟ ಕಾಲದಲ್ಲಿ ಶ್ರದ್ಧೆಯಿಂದಲೇ ದುಡಿದಿದ್ದಾರೆ. ಯೋಜನೆ ಮೇಲಿನಿಂದ ಬಂದದ್ದು. ವಿಡಿಯೋ ಕ್ಯಾಸೆಟ್ ಬರುವ ಮೊದಲು ಡಿಸ್ನಿ ತನ್ನ ಹಳೇ ಚಿತ್ರಗಳನ್ನು ಕೆಲವು ವರ್ಷಕ್ಕೊಮ್ಮೆ ಥಿಯೇಟರಿಗೆ ಮತ್ತೆ ತರುತ್ತಿತ್ತು. ‘ಜಂಗಲ್ ಬುಕ್’ ಕೂಡ 1978, 1984, 1990ರಲ್ಲಿ ಹಾಗೆ ಬಂತು. ಕ್ಯಾಸೆಟ್ ಮನೆಮನೆ ಸೇರಿದ ಮೇಲೆ ಆ ದಾರಿ ಮುಚ್ಚಿತು. 1994ರಲ್ಲಿ ಅಲ್ಲಾದೀನನ ಮುಂದಿನ ಭಾಗವನ್ನು ನೇರವಾಗಿ ಕ್ಯಾಸೆಟ್ಟಿನಲ್ಲೇ ತಂದರು, ಖರ್ಚು ಕಡಿಮೆ, ಮಾರಾಟ ಭರ್ಜರಿ. ಅಲ್ಲಿಂದ ಸಿಂಡರೆಲ್ಲಾ, ಪೀಟರ್ ಪ್ಯಾನ್, ಮತ್ಸ್ಯಕನ್ಯೆ, ಯಾರನ್ನೂ ಬಿಡಲಿಲ್ಲ. ಹೆಸರು ಹಳೆಯದಾದರೆ ಅಪ್ಪ ಅಮ್ಮ ಯೋಚಿಸದೆ ಕೊಳ್ಳುತ್ತಾರೆ ಎನ್ನುವ ಲೆಕ್ಕ. ಆಗ ಪಿಕ್ಸಾರ್ ಎಂಬ ಅನಿಮೇಷನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಟೀವ್ ಜಾಬ್ಸ್ 2004ರಲ್ಲಿ ಈ ಮುಂದಿನ ಭಾಗಗಳ ಗುಣಮಟ್ಟ ಮುಜುಗರ ತರುವಂಥದ್ದು ಎಂದು ಬಹಿರಂಗವಾಗಿಯೇ ಹೇಳಿದರು. 2006ರಲ್ಲಿ ಡಿಸ್ನಿ ಪಿಕ್ಸಾರ್ ಅನ್ನು ಕೊಂಡಿತು, ಮರುವರ್ಷವೇ ಅಲ್ಲಿಂದ ಬಂದ ಜಾನ್ ಲ್ಯಾಸೆಟರ್ ಮತ್ತು ಎಡ್ ಕ್ಯಾಟ್ಮಲ್ ಈ ಸಾಲಿಗೆ ತಡೆ ಹಾಕಿದರು.

ಆ ಸಾಲಿನಲ್ಲೇ ನನಗೆ ಇಷ್ಟವಾದದ್ದೂ ಒಂದಿದೆ, 2006ರ ‘ಬ್ಯಾಂಬಿ 2’. 1942ರ ಚಿತ್ರದಲ್ಲಿ ಬೇಟೆಗಾರನ ಗುಂಡಿಗೆ ಜಿಂಕೆಮರಿಯ ತಾಯಿ ಸಾಯುತ್ತದೆ, ಮರುಗಳಿಗೆಯಲ್ಲೇ ವಸಂತದ ಹಾಡು ಶುರುವಾಗಿ ಮರಿ ದೊಡ್ಡದಾಗಿರುತ್ತದೆ. ನಡುವಿನ ಚಳಿಗಾಲ ಏನಾಯಿತು? ಎರಡನೇ ಭಾಗ ಆ ಸಂದಿಗೆ ಹೋಗಿ ಕೂತಿತು: ತಾಯಿಯಿಲ್ಲದ ಮರಿ, ಮರಿ ಸಾಕಿ ಗೊತ್ತಿಲ್ಲದ ತಂದೆ. ಸತ್ತವಳನ್ನು ಬದುಕಿಸಲಿಲ್ಲ, ಸಾವನ್ನು ಮರೆಸಲೂ ಇಲ್ಲ. ಅಲ್ಲಲ್ಲಿ ಎಳೆದಿದ್ದಾರೆ, ಕೆಲವು ಹಾಸ್ಯ ಬೇಕಿರಲಿಲ್ಲ. ಆದರೂ ಅದನ್ನು ನೋಡಿದ ಮೇಲೆ ಹಳೆಯ ಚಿತ್ರ ಇನ್ನಷ್ಟು ಭಾರವಾಗುತ್ತದೆಯೇ ಹೊರತು ಹಗುರಾಗುವುದಿಲ್ಲ. ಮೌಗ್ಲಿ ಊರು ಸೇರಿದ ಮೊದಲ ಮಳೆಗಾಲದ ಮೇಲೆ ಅಂಥದೊಂದು ಸಿನಿಮಾ ಮಾಡಬಹುದಿತ್ತು. ಅದಕ್ಕೆ ಬೇಕಾದ ಅಪ್ಪ, ಗೆಳತಿ, ತಮ್ಮ, ಎಲ್ಲರನ್ನೂ ತಂದು ನಿಲ್ಲಿಸಿಯೂ ಆಗಿತ್ತು.

ಸಮಯ ಮೀರುತ್ತಿದೆ ಅಂತ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ‘ಲಯನ್ ಕಿಂಗ್’ ಮುಂದಿನ ಭಾಗಗಳ ಅಭಿಮಾನಿಗಳು ಹಿಂದಿನ ಸಾಲಿನಲ್ಲಿ ಇದ್ದೀರಿ, ಮುಖ ನೋಡಿದರೇ ಗೊತ್ತಾಗುತ್ತದೆ. ಆ ಜಗಳವನ್ನು ಕಾಫಿ ಹೊತ್ತಿಗೆ ಇಟ್ಟುಕೊಳ್ಳೋಣ. ಪ್ರಶ್ನೆ ಇದ್ದವರು ಕೇಳಿ.