ಒಬ್ಬರು ಕೊನೆಗೌಡರು, ಹನ್ನೊಂದು ಜನರ ಸ್ಟಾರ್ಟಪ್

[ದೃಶ್ಯ: ಶಿರಸಿ ಹತ್ತಿರದ ಅಡಿಕೆ ತೋಟ. ಮರದ ತುದಿಯಲ್ಲಿ ಕೊನೆಗೌಡರು.]

ನಮಸ್ಕಾರ. ಮೇಲೆ ನೋಡಿ. ಮರ ಹತ್ತಿ ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯುವ ಇವರೇ ಕೊನೆಗೌಡರು. ಕೆಳಗಿಳಿಯದೇ ಪಕ್ಕದ ಮರಕ್ಕೆ ದಾಟುತ್ತಿದ್ದಾರೆ. ಹಗ್ಗದಲ್ಲಿ ಜಾರಿ ಬರುವ ಕೊನೆಯನ್ನು ಕೆಳಗೆ ಒಬ್ಬರು ಹಿಡಿಯುತ್ತಾರೆ. ಇನ್ನೂ ಹತ್ತು ಜನ ಬಂದು ಕೆಳಗೆ ನಿಂತರೆ ಕೊಯ್ಲು ಬೇಗ ಮುಗಿಯುತ್ತದಾ? ಇಲ್ಲ. ಚಾ ಜಾಸ್ತಿ ಬೇಕಾಗುತ್ತದೆ, ಅಷ್ಟೇ.

ನಾನು ಮೊದಲಿದ್ದ ಸ್ಟಾರ್ಟಪ್‌ನಲ್ಲಿ ಆಗಿದ್ದೂ ಇದೇ. ನಾಲ್ಕು ಜನ ಇದ್ದೆವು. ಹೂಡಿಕೆ ದುಡ್ಡು ಬಂತು, ಹನ್ನೊಂದು ಜನ ಆದೆವು. ವಾರಕ್ಕೊಮ್ಮೆ ಬರುತ್ತಿದ್ದ ಆ್ಯಪ್ ಅಪ್‌ಡೇಟ್ ತಿಂಗಳಾದರೂ ಬರಲಿಲ್ಲ.

[ಪರದೆ: 4 ಚುಕ್ಕಿ, 6 ಗೆರೆ. ಆಮೇಲೆ 11 ಚುಕ್ಕಿ, 55 ಗೆರೆ.]

ಲೆಕ್ಕ ನೋಡಿ. ನಾಲ್ಕು ಜನರಲ್ಲಿ ಇಬ್ಬಿಬ್ಬರ ಜೋಡಿ 6. ಹನ್ನೊಂದು ಜನರಲ್ಲಿ 55. ಜನ ಮೂರು ಪಟ್ಟೂ ಆಗಲಿಲ್ಲ, ಮಾತಾಡಿ ಒಪ್ಪಿಸಬೇಕಾದ ಜೋಡಿ ಒಂಬತ್ತು ಪಟ್ಟು! ಸರ್ವರ್ ಕೆಲಸ ಬಲ್ಲವಳು ನಮ್ಮಲ್ಲಿ ಒಬ್ಬಳೇ. ಹೊಸಬರಿಗೆ ಅವಳೇ ಕಲಿಸಬೇಕು, ಅವರ ಕೋಡ್ ಅವಳೇ ನೋಡಬೇಕು. ಕೊನೆಗೌಡರನ್ನು ಮರದಿಂದ ಇಳಿಸಿ, ಹಗ್ಗ ಹಿಡಿಯೋದು ಹೇಗೆ ಅಂತ ಪಾಠಕ್ಕೆ ಕೂರಿಸಿದ ಹಾಗಾಯಿತು.

ಹಗ್ಗ ಅಂದಾಗ ನೆನಪಾಯಿತು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಅಳೆದಿದ್ದರು. 1913ರಲ್ಲಿ ಪ್ರಕಟಿಸಿದರು. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆ. ಕಾರವಾರದ ಕಡಲಂಚಿನಲ್ಲಿ ಸಾಲಾಗಿ ನಿಂತು ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆದವರಿಗೆ ಇದೇನು ಹೊಸ ಸುದ್ದಿಯಲ್ಲ. ಸಾಲಿನ ಮಧ್ಯೆ ಸುಮ್ನೆ ಕೈ ಇಟ್ಟವರು ಇದ್ದೇ ಇರುತ್ತಾರೆ.

2014ರಲ್ಲಿ ಫೇಸ್‌ಬುಕ್ ಕೊಳ್ಳಲು ಹೊರಟಾಗ ವಾಟ್ಸಾಪ್‌ನಲ್ಲಿ ಇದ್ದವರು ಸುಮಾರು 55 ಜನ. ಬಳಸುವವರು 45 ಕೋಟಿ. ಹಾಗಂತ ಚಿಕ್ಕ ತಂಡವೇ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ಸೋತ ಚಿಕ್ಕ ತಂಡಗಳ ಹೆಸರು ಯಾರಿಗೆ ನೆನಪಿದೆ, ಅಲ್ವಾ? ವಾಟ್ಸಾಪ್ ಕಟ್ಟಿದ ಇಬ್ಬರೂ ಅದಕ್ಕೂ ಮೊದಲು ಯಾಹೂನಲ್ಲಿ ವರ್ಷಗಟ್ಟಲೆ ಪಳಗಿದವರು.

[ದೃಶ್ಯ: ಅಂಗಳ. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುವವರು.]

ಇಲ್ಲಿ ಕಥೆಯೇ ಬೇರೆ. ಅವರವರ ಕತ್ತಿ, ಅವರವರ ರಾಶಿ. ಇಬ್ಬರು ಜಾಸ್ತಿ ಬಂದರೆ ಇಬ್ಬರ ಕೆಲಸ ಜಾಸ್ತಿ ಆಗುತ್ತದೆ. ಗ್ರಾಹಕರ ಫೋನ್ ತೆಗೆಯುವುದು, ಅಂಗಡಿ ಅಂಗಡಿ ಸುತ್ತಿ ಮಾರುವುದು ಈ ಥರದ ಕೆಲಸ. ಅಲ್ಲಿಗೆ ಧಾರಾಳವಾಗಿ ಜನ ಸೇರಿಸಿಕೊಳ್ಳಿ. ಮರ ಹತ್ತುವ ಕೆಲಸಕ್ಕಾದರೆ ಇನ್ನೊಬ್ಬ ಕೊನೆಗೌಡರನ್ನೇ ಹುಡುಕಬೇಕು. ಸಿಗುತ್ತಾರಾ? ಶಿರಸಿ ಕಡೆ ಯಾವ ತೋಟದವರನ್ನಾದರೂ ಕೇಳಿ ನೋಡಿ.