ಎರಡು ಲಿಪಿಯ ಊರಿನಲ್ಲಿ ಓಸಿಆರ್ ಆರಿಸುವುದು

ಎಲ್ಲರಿಗೂ ನಮಸ್ಕಾರ.

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯಿಂದ ಕಣ್ಣು ಕಾಣದ ಗೆಳೆಯರು ಬಂದಿದ್ದೀರಿ. ಮನೆಯವರು, ಕೆಲವು ಟೀಚರ್‌ಗಳು, ಲೈಬ್ರರಿಯವರೂ ಇದ್ದೀರಿ. ತುಂಬ ಸಂತೋಷ.

ಕಾಗದ ಸ್ಕ್ಯಾನ್ ಮಾಡಿ ಓದಿಸಲು ಯಾವ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಸಾಫ್ಟ್‌ವೇರ್, ಒಳ್ಳೆಯದು ಅಂತ ಜನ ಕೇಳುತ್ತಾರೆ. ಮೊದಲು ನೋಡಬೇಕಾದ್ದು ನಮ್ಮ ಚೀಲದಲ್ಲಿರುವ ಕಾಗದವನ್ನು. ಪಂಚಾಯತಿನ ನೋಟೀಸು ಮಲಯಾಳದಲ್ಲಿ. ಮಕ್ಕಳ ಪಾಠಪುಸ್ತಕ, ಮದುವೆಯ ಕರೆಯೋಲೆ ಕನ್ನಡದಲ್ಲಿ. ಬ್ಯಾಂಕಿನ ಪತ್ರ ಇಂಗ್ಲಿಷಿನಲ್ಲಿ. ಕಾಸರಗೋಡಿನ ಕನ್ನಡಿಗರಿಗೆ ಈ ಮೂರೂ ಬೇಕು, ಅಲ್ವಾ?

ಫೈನ್‌ರೀಡರ್ ಎಂಬ ಓಸಿಆರ್ ಸಾಫ್ಟ್‌ವೇರ್ ಹೆಸರುವಾಸಿ. ಇಂಗ್ಲಿಷನ್ನು ಚೆನ್ನಾಗಿಯೇ ಓದುತ್ತದೆ. ಆದರೆ ಕನ್ನಡ, ಮಲಯಾಳ ಅದಕ್ಕೆ ಬರುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನಲ್ಲಿ ಎನ್‌ವಿಡಿಎ ಕೀ ಹಿಡಿದು ಆರ್ ಒತ್ತಿದರೆ ವಿಂಡೋಸಿನ ಓಸಿಆರ್ ಕೆಲಸ ಮಾಡುತ್ತದೆ. ಅದೂ ನಮ್ಮ ಲಿಪಿಗಳ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಜಾಸ್ತಿ ದುಡ್ಡು ಕೊಡುವ ಮೊದಲು ಭಾಷೆಗಳ ಪಟ್ಟಿ ಕೇಳಿ.

ನಮಗೆ ಒದಗುವುದು ಟೆಸರಾಕ್ಟ್. ಎಚ್‌ಪಿ ಕಂಪನಿಯಲ್ಲಿ 1985ರ ಹೊತ್ತಿಗೆ ಶುರುವಾಗಿ, 2005ರಲ್ಲಿ ಎಲ್ಲರಿಗೂ ಮುಕ್ತವಾದ ಸಾಫ್ಟ್‌ವೇರ್ ಇದು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಗೊತ್ತು. ಒಂದೇ ಪುಟಕ್ಕೆ ಎರಡು ಭಾಷೆ ಒಟ್ಟಿಗೆ ಆರಿಸಬಹುದು. ಬರೀ ಕನ್ನಡ ಪುಟಕ್ಕೆ ಮಾತ್ರ ಸುಮ್ನೆ ಮೂರೂ ಹಾಕಬೇಡಿ. ನಿಧಾನವಾಗುತ್ತದೆ, ಅಕ್ಷರಗಳೂ ಅದಲುಬದಲಾಗುತ್ತವೆ. ಈ ಟೆಸರಾಕ್ಟನ್ನೇ ಒಳಗೆ ಇಟ್ಟುಕೊಂಡ ಲಿಯೋಸ್ ಎಂಬ ಉಚಿತ ಸಾಫ್ಟ್‌ವೇರ್, ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಲಿನಕ್ಸಿನಲ್ಲಿದೆ. ಹುಟ್ಟಿದ್ದು ಕೇರಳದಲ್ಲೇ, ಮಾಡಿದ್ದು ನಮ್ಮಂಥವರಿಗಾಗಿಯೇ. ಇಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರಿನಲ್ಲಿ ಹೇಗೂ ಲಿನಕ್ಸ್ ಇದೆ, ಓರ್ಕಾ ಸ್ಕ್ರೀನ್ ರೀಡರ್ ಕೂಡ ಅದಕ್ಕೆ ಸಿಗುತ್ತದೆ. ಟೀಚರ್‌ಗಳೇ, ದಯವಿಟ್ಟು ಇದನ್ನು ಮಕ್ಕಳಿಗೆ ತೋರಿಸಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಯಾವ ಓಸಿಆರ್ ಆದರೂ ತಪ್ಪುತ್ತದೆ. ಆ ತಪ್ಪು ನಮಗೆ ತಿಳಿಯುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಕನ್ನಡದಲ್ಲಿ ವ ಮತ್ತು ಪ ನಡುವೆ ಇರುವುದು ಸಣ್ಣ ಗೆರೆಯ ವ್ಯತ್ಯಾಸ. ಹಳೆಯ ಅಚ್ಚಿನಲ್ಲಿ ಆ ಗೆರೆ ಮಾಸಿರುತ್ತದೆ. 'ವರ' ಅಂತ ಇದ್ದದ್ದು 'ಪರ' ಆಗುತ್ತದೆ. ಎರಡೂ ಸರಿಯಾದ ಮಾತೇ, ಕಿವಿಗೆ ಏನೂ ಅನುಮಾನ ಬರುವುದಿಲ್ಲ. ಒತ್ತಕ್ಷರ ಸಾಲಿನ ಕೆಳಗೆ ಇಳಿದಿರುವುದರಿಂದ ಕೆಲವೊಮ್ಮೆ ಬಿಟ್ಟೇ ಹೋಗುತ್ತದೆ, 'ಅಕ್ಕ' ಎಂಬುದು 'ಅಕ' ಆಗುತ್ತದೆ. ಇದಾದರೆ ಕಿವಿಗೆ ಸಿಕ್ಕಿಬೀಳುತ್ತದೆ. ಜಾಗದ ದಾಖಲೆಯ ಸರ್ವೆ ನಂಬರಿನಲ್ಲಿ 3 ಹೋಗಿ 8 ಆದರೆ? ಸ್ಕ್ರೀನ್ ರೀಡರ್ ಅದನ್ನೂ ಅಷ್ಟೇ ಧೈರ್ಯವಾಗಿ ಓದುತ್ತದೆ.

ಅನುಮಾನದ ಅಕ್ಷರಗಳಿಗೆ ಬಣ್ಣ ಹಚ್ಚಿ ತೋರಿಸುವ ಸಾಫ್ಟ್‌ವೇರ್‌ಗಳಿವೆ. ಆ ಬಣ್ಣ ನಮಗೆ ಯಾವ ಪ್ರಯೋಜನಕ್ಕೆ? ಅನುಮಾನದ ಪದದಿಂದ ಮುಂದಿನ ಅನುಮಾನದ ಪದಕ್ಕೆ ಕೀಬೋರ್ಡಿನಲ್ಲೇ ಹಾರುವಂತಿರಬೇಕು, ಅಕ್ಷರ ಅಕ್ಷರವಾಗಿ ಕೇಳುವಂತಿರಬೇಕು, ಅಲ್ಲೇ ತಿದ್ದುವಂತಿರಬೇಕು. ಮಾರಲು ಬಂದವರಿಗೆ ಇದನ್ನು ಮಾಡಿ ತೋರಿಸಿ ಅನ್ನಿ. ಮಾನಿಟರ್ ಆಫ್ ಮಾಡಿಸಿ, ಮೌಸ್ ಪಕ್ಕಕ್ಕೆ ಇಡಿಸಿ. ಪುಟವನ್ನು ಬೇಕೆಂದೇ ತಲೆಕೆಳಗಾಗಿ ಇಡಿ. ಒಳ್ಳೆಯದಾದರೆ ತಾನೇ ತಿರುಗಿಸಿಕೊಂಡು ಓದುತ್ತದೆ. ಸ್ಕ್ರೀನ್ ರೀಡರ್ ಬಟನ್ನಿನ ಹೆಸರು ಹೇಳದೆ ಬರೀ 'ಬಟನ್, ಬಟನ್' ಅಂದರೆ ಆ ಸಾಫ್ಟ್‌ವೇರ್ ತೆಗೆದುಕೊಳ್ಳಬೇಡಿ. ಅದು ಎಷ್ಟೇ ಚೆನ್ನಾಗಿ ಓದಲಿ, ಪಕ್ಕದಲ್ಲಿ ಕಣ್ಣಿರುವವರು ಇಲ್ಲದಿದ್ದರೆ ನಡೆಯುವುದಿಲ್ಲ.

ಗೂಗಲ್ ಡ್ರೈವ್ ಕೂಡ ಕನ್ನಡ ಓದುತ್ತದೆ, ಚೆನ್ನಾಗಿಯೇ ಓದುತ್ತದೆ. ಆದರೆ ಕಾಗದದ ಚಿತ್ರ ಇಂಟರ್ನೆಟ್ಟಿನಲ್ಲಿ ಬೇರೆಯವರ ಕಂಪ್ಯೂಟರಿಗೆ ಹೋಗುತ್ತದೆ. ಕಥೆ ಪುಸ್ತಕಕ್ಕೆ ಪರವಾಗಿಲ್ಲ. ಪಾಸ್‌ಬುಕ್, ಆಸ್ಪತ್ರೆಯ ಚೀಟಿ ನಮ್ಮ ಕಂಪ್ಯೂಟರಿನಲ್ಲೇ ಉಳಿಯಲಿ. ಮಳೆಗಾಲದಲ್ಲಿ ನೆಟ್ ಹೋದಾಗಲೂ ಓದಲು ಬರಬೇಕಲ್ಲ.

ಲೈಬ್ರರಿಯವರಿಗೆ ಒಂದು ಮಾತು. ಅಚ್ಚು ಓದಲಾಗದವರಿಗಾಗಿ, ಲಾಭದ ಆಸೆಯಿಲ್ಲದೆ, ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರುವುದಕ್ಕೆ 2012ರ ಕಾಪಿರೈಟ್ ತಿದ್ದುಪಡಿ ಅವಕಾಶ ಕೊಟ್ಟಿದೆ. ಹೆದರದೆ ಸ್ಕ್ಯಾನ್ ಮಾಡಿಕೊಡಿ. ರೆಸಲ್ಯೂಶನ್ 300 ಡಿಪಿಐ ಇಡಿ, ಪುಸ್ತಕದ ನಡುಮಡಿಕೆಯನ್ನು ಗಾಜಿಗೆ ಚೆನ್ನಾಗಿ ಒತ್ತಿ ಹಿಡಿಯಿರಿ.

ಆ ಮೇಜಿನ ಮೇಲೆ ಸ್ಕ್ಯಾನರ್, ಲ್ಯಾಪ್‌ಟಾಪ್ ಎರಡೂ ಇವೆ. ಮನೆಯಿಂದ ತಂದ ಕಾಗದ ಕೊಡಿ, ಮಲಯಾಳದ್ದೇ ಮೊದಲು ಹಾಕೋಣ.