ಘಟ್ಟ ಇಳಿಯಬೇಕಾದ್ದು ಎಕ್ಸ್‌ರೇ, ಆಯಿ ಅಲ್ಲ

ನಮಸ್ಕಾರ. ಇವತ್ತು ಮಂಡಿ ಬದಲಿಸುವ ಆಪರೇಷನ್‌ಗೂ ಮೊದಲು ತೆಗೆಯುವ ಒಂದು ಎಕ್ಸ್‌ರೇ ಬಗ್ಗೆ ಮಾತಾಡಬೇಕು.

ನಮ್ಮ ಆಯಿ, ಅಂದರೆ ತಾಯಿ, ಶಿರಸಿ ಹತ್ತಿರದ ಹಳ್ಳಿಯವಳು. ನಲವತ್ತು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದಿದ್ದಾಳೆ. ಈಗ ಎರಡೂ ಕಾಲು ಬಿಲ್ಲಿನ ಹಾಗೆ ಬಾಗಿವೆ. ಜಗುಲಿಯಿಂದ ಅಂಗಳಕ್ಕೆ ಮೂರೇ ಮೆಟ್ಟಿಲು. ಕಂಬ ಹಿಡಿದು ಒಂದೊಂದೇ ಕಾಲು ಇಡುತ್ತಾಳೆ. ಅಂತೂ ಆಪರೇಷನ್‌ಗೆ ಒಪ್ಪಿದಳು. ಊರ ಕಡೆಯ ಒಂದು ಸೆಂಟರಿನಲ್ಲಿ ಎಕ್ಸ್‌ರೇ ತೆಗೆಸಿ, ದೇವಿಮನೆ ಘಟ್ಟ ಇಳಿದು, ಕುಮಟಾ, ಹೊನ್ನಾವರ, ಭಟ್ಕಳ ದಾಟಿ ದೊಡ್ಡ ಆಸ್ಪತ್ರೆಗೆ ಹೋದೆವು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಸವೆದಿದ್ದು ಕಾಣ್ತದೆ. ಆದರೆ ಇದರಲ್ಲಿ ಅಳತೆ ಮಾಡೋಕೆ ಬರೋದಿಲ್ಲ" ಎಂದರು. ಮಲಗಿಸಿ ತೆಗೆದಿದ್ದರು. ಬರೀ ಮಂಡಿಯದ್ದು. ಅಷ್ಟು ಹೊತ್ತಿಗೆ ಅಲ್ಲಿಯ ಎಕ್ಸ್‌ರೇ ಕೋಣೆ ಮುಚ್ಚಿತ್ತು, ಇನ್ನೊಂದು ದಿನ ಬನ್ನಿ ಎಂದರು. ಕಾರು ಹತ್ತುವಾಗ ಆಯಿ ಕೇಳಿದಳು, "ಮತ್ತೆ ಹೋಗವಾ ತಮಾ?" ನನಗೆ ಉತ್ತರ ಕೊಡಲು ಆಗಲಿಲ್ಲ.

ಎಕ್ಸ್‌ರೇ ಅಂದರೆ ನೆರಳು. ಕರೆಂಟ್ ಹೋದಾಗ ಚಿಮಣಿ ದೀಪದ ಮುಂದೆ ಕೈ ಹಿಡಿದರೆ ಗೋಡೆ ಮೇಲೆ ದೊಡ್ಡ ಕೈ ಬೀಳುತ್ತದೆ ಅಲ್ವಾ? ಮೂಳೆಯೂ ಹಾಗೇ, ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಷ್ಟು ದೊಡ್ಡದು ಅನ್ನುವುದು ಕಾಲಿನ ದಪ್ಪ ನೋಡಿಕೊಂಡು ಬದಲಾಗುತ್ತದೆ. ಅದಕ್ಕೇ ಮಂಡಿಯ ಪಕ್ಕದಲ್ಲಿ ಒಂದು ಲೋಹದ ಗುಂಡು ಇಡುತ್ತಾರೆ. ಸಾಮಾನ್ಯವಾಗಿ 25 ಮಿಲಿಮೀಟರಿನದು. ಚಿತ್ರದಲ್ಲಿ ಅದು 30 ಬಂತು ಅನ್ನಿ, ಮೂಳೆಯೂ ಶೇ. 20ರಷ್ಟು ದೊಡ್ಡದಾಗಿ ಬಿದ್ದಿದೆ ಅಂತ ಲೆಕ್ಕ. ಕಂಪ್ಯೂಟರು ಅದನ್ನು ಸರಿಮಾಡಿ ನಿಜವಾದ ಅಳತೆ ಕೊಡುತ್ತದೆ. ಆದರೆ ಗುಂಡು ಮೂಳೆಯ ಮಟ್ಟದಲ್ಲೇ ಇರಬೇಕು. ಸುಮ್ನೆ ಪ್ಲೇಟಿನ ಮೇಲೆ ಇಟ್ಟರೆ ಲೆಕ್ಕ ತಪ್ಪುತ್ತದೆ.

ಮೊದಲು ಇಂಪ್ಲಾಂಟ್, ಅಂದರೆ ಕೃತಕ ಮಂಡಿ, ಮಾಡುವ ಕಂಪನಿಯವರು ಕೊಟ್ಟ ಪಾರದರ್ಶಕ ಹಾಳೆಯನ್ನು ಫಿಲ್ಮಿನ ಮೇಲಿಟ್ಟು ಸೈಜ್ ನೋಡುತ್ತಿದ್ದರು. ಈಗ ಅದೇ ಕೆಲಸ ಸ್ಕ್ರೀನಿನ ಮೇಲೆ. ಆಯಿಯ ಎರಡನೇ ಎಕ್ಸ್‌ರೇ ಹಿಡಿದು ಡಾಕ್ಟರು ನನ್ನೆದುರೇ ಮಾಡಿ ತೋರಿಸಿದರು. ಬಣ್ಣದ ಗೆರೆಯ ಒಂದು ಮಂಡಿಯನ್ನು ಎಳೆದು ತಂದು ಆಯಿಯ ಮೂಳೆಯ ಮೇಲೆ ಕೂರಿಸಿದರು. ಅಂಚಿನಲ್ಲಿ ಕೂದಲೆಳೆಯಷ್ಟು ಹೊರಗೆ ಬಂತು. ಅದನ್ನು ತೆಗೆದು ಅದಕ್ಕಿಂತ ಸಣ್ಣದನ್ನು ಇಟ್ಟರು. ಸರಿಯಾಗಿ ಕೂತಿತು. ಮೂರು ಮಿಲಿಮೀಟರ್ ಹೊರಗೆ ಚಾಚಿದರೂ ಸುತ್ತಲಿನ ಮಾಂಸಕ್ಕೆ ಉಜ್ಜಿ ನೋವು ಉಳಿಯಬಹುದಂತೆ. ನಮ್ಮ ಕಡೆಯ ಹೆಂಗಸರದ್ದು ಸಣ್ಣ ಮೂಳೆ. ಸಣ್ಣ ಸೈಜ್ ಬೇಕು ಅಂತ ಮೊದಲೇ ಗೊತ್ತಾದರೆ ತರಿಸಿ ಇಡಬಹುದು.

ಇನ್ನು ನಿಲ್ಲಿಸಿ ತೆಗೆಯುವ ವಿಷಯ. ತೊಡೆಮೂಳೆಯ ಮೇಲ್ತುದಿಯಲ್ಲಿರುವ ಸೊಂಟದ ಗುಂಡಿನಿಂದ ಹರಡಿನವರೆಗೆ, ಅಂದರೆ ಪಾದದ ಕೀಲಿನವರೆಗೆ, ಇಡೀ ಕಾಲು ಒಂದೇ ಚಿತ್ರದಲ್ಲಿ ಬರಬೇಕು. ಸೊಂಟದ ಗುಂಡಿನ ನಡುವಿನಿಂದ ಹರಡಿನ ನಡುವಿಗೆ ಗೆರೆ ಎಳೆದರೆ, ನೆಟ್ಟಗಿನ ಕಾಲಿನಲ್ಲಿ ಅದು ಮಂಡಿಯ ಮಧ್ಯಕ್ಕೆ ಹತ್ತಿರದಲ್ಲಿ ಹಾದುಹೋಗುತ್ತದೆ. ಆಯಿಯದ್ದು ಮಂಡಿಯ ಒಳಗಡೆಗೆ ಜಾರಿತ್ತು. ಮೈಭಾರ ಎಲ್ಲಿ ಬೀಳುತ್ತಿದೆ, ಮೂಳೆಯನ್ನು ಯಾವ ಕೋನದಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ಈ ಗೆರೆಯೇ ಆಧಾರ. ಮಲಗಿದ ಕಾಲಿನ ಮೇಲೆ ಭಾರ ಇರುವುದಿಲ್ಲ, ನಿಂತಾಗಿನ ಬಾಗು ಅಲ್ಲಿ ಪೂರ್ತಿ ಕಾಣುವುದಿಲ್ಲ. ನಿಂತಾಗಲೂ ಮಂಡಿಚಿಪ್ಪು ನೇರ ಮುಂದಕ್ಕೆ ಇರಬೇಕು. ಕಾಲು ತಿರುಗಿದ್ದರೆ ಬಾಗು ತಪ್ಪಾಗಿ ಕಾಣುತ್ತದೆ.

ಎಲ್ಲವೂ ಎಕ್ಸ್‌ರೇಯಲ್ಲಿ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಮಂಡಿಯ ಮೂಳೆಗಳನ್ನು ಕಟ್ಟಿ ಹಿಡಿಯುವ ಅಸ್ಥಿರಜ್ಜು ಎಷ್ಟು ಬಿಗಿ ಅಂತ ಅದು ಹೇಳುವುದಿಲ್ಲ. ಕೊನೆಯ ಮಾತು ಆಪರೇಷನ್ ಟೇಬಲ್ ಮೇಲೆ ಡಾಕ್ಟರ ಕೈಯದ್ದೇ. ಆದರೂ ನಾವು ಕೇಳುವುದೇನು? ರೋಬೋಟ್ ಉಂಟಾ, ಖರ್ಚು ಎಷ್ಟು. ದರ ಕೇಳಲೇಬೇಕು, ತಪ್ಪಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿಗೆ ಬೆಲೆಯ ಮಿತಿ ಹಾಕಿದ್ದರಿಂದ ನಮ್ಮಂಥವರಿಗೆ ದೊಡ್ಡ ಉಪಕಾರ ಆಯಿತು. ಆದರೆ "ಪ್ಲಾನ್ ಹೇಗೆ ಮಾಡಿದ್ದೀರಿ, ತೋರಿಸಿ" ಅಂತಲೂ ಕೇಳಿ. ರೋಬೋಟಿದ್ದರೂ ಎಷ್ಟು ಕತ್ತರಿಸಬೇಕು ಅಂತ ಡಾಕ್ಟರೇ ಪ್ಲಾನ್ ಮಾಡಿಕೊಳ್ಳಬೇಕು.

ನನ್ನ ದೊಡ್ಡ ಸಂಕಟ ಬೇರೆ. ದೊಡ್ಡ ಚಿಕಿತ್ಸೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುತ್ತಲೇ ಇದ್ದೇವೆ. ದೊಡ್ಡ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಅದು ಬರಲೇಬೇಕು. ಆದರೆ ಅಲ್ಲಿಯವರೆಗೂ ಮಂಡಿ ನೋವಿನವರನ್ನು ಘಟ್ಟದ ತಿರುವಿನಲ್ಲಿ ಅಲ್ಲಾಡಿಸಬೇಕಾ? ಡಿಜಿಟಲ್ ಎಕ್ಸ್‌ರೇ ಒಂದು ಫೈಲು. ಶಿರಸಿಯಲ್ಲೋ ಕಾರವಾರದಲ್ಲೋ ಸರಿಯಾಗಿ ತೆಗೆದರೆ ಅದು ಐದು ನಿಮಿಷದಲ್ಲಿ ಡಾಕ್ಟರ ಮುಂದೆ ಇರುತ್ತದೆ. ಪ್ಲಾನ್ ಅಲ್ಲೇ ಆಗಲಿ, ಬರೀ ಎಕ್ಸ್‌ರೇಗಾಗಿ ರೋಗಿ ಮತ್ತೆ ಘಟ್ಟ ಇಳಿಯುವುದು ತಪ್ಪುತ್ತದೆ. ಫೈಲು ಅಂದರೆ ವಾಟ್ಸಾಪಿನಲ್ಲಿ ಕಳಿಸುವ ಫೋಟೋ ಅಲ್ಲ, ಅದರಿಂದ ಅಳತೆ ಬರುವುದಿಲ್ಲ. ಎಕ್ಸ್‌ರೇ ಮಷಿನ್ ಕೊಡುವ ಮೂಲ ಫೈಲಿಗೆ ಡೈಕಾಮ್ ಅನ್ನುತ್ತಾರೆ, ಡೈಕಾಮ್ ಫೈಲು ಅಂತಲೇ ಕೇಳಿ. ಸಿಡಿಯಲ್ಲಾದರೂ ಪೆನ್‌ಡ್ರೈವಿನಲ್ಲಾದರೂ ಕೊಡಲಿ.

ಎಕ್ಸ್‌ರೇ ಸೆಂಟರಿನವರೇ, ನಿಮ್ಮಲ್ಲೂ ನನ್ನದೊಂದು ವಿನಂತಿ. ಒಂದು ಗುಂಡು ತರಿಸಿ ಇಡಿ. ಅಘನಾಶಿನಿ ಹೊಳೆಯಲ್ಲಿ ಬೆಳಚು, ಅಂದರೆ ಚಿಪ್ಪು, ಹೆಕ್ಕುವ ಹೆಂಗಸರ ಮಂಡಿಯೂ ನಿಮ್ಮಲ್ಲಿಗೇ ಬರುತ್ತದೆ.

ಬರುವ ಸೋಮವಾರ ನಮ್ಮ ಅತ್ತೆಯ ಎಕ್ಸ್‌ರೇ ಇದೆ. ನಾನೂ ಹೋಗುತ್ತೇನೆ. ನಿಲ್ಲಿಸಿ, ಸೊಂಟದಿಂದ ಹರಡಿನವರೆಗೆ, ಗುಂಡು ಇಟ್ಟು ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಪೆನ್‌ಡ್ರೈವೂ ಜೇಬಿನಲ್ಲಿದೆ.